ಮಳೆಗೆ ಕರಗುವ ತಾಮ್ರದ ಹೂ

ಮೈಲುತುತ್ತವನ್ನು ನೋಡದ ವಿದ್ಯಾರ್ಥಿಗಳು ವಿರಳ. ಮೈಸೂರಿನ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಅದು ಶೀಸೆಯೊಳಗಿನ ನೀಲಿ ಹರಳು; ಮಲೆನಾಡಿನ ಅಡಿಕೆ ತೋಟದಲ್ಲಿ ಸುಣ್ಣದೊಡನೆ ಬೆರೆಸಿ ಸಿಂಪಡಿಸುವ ಬೋರ್ಡೋ ದ್ರಾವಣದ ಮೂಲವಸ್ತು. ಕೊಳೆರೋಗಕ್ಕೆ ಈ ಮದ್ದನ್ನು 1910ರ ಸುಮಾರಿನಲ್ಲಿ ಮೈಸೂರು ಸಂಸ್ಥಾನದ ರೈತರಿಗೆ ತಿಳಿಸಿಕೊಟ್ಟವರು ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್.

ಆದರೆ ಇದೇ ವಸ್ತು ನಿಸರ್ಗದಲ್ಲಿ ಖನಿಜವಾಗಿ ಸಿಗುವುದು ಅಪರೂಪವೆಂದು ನಿಮಗೆ ಗೊತ್ತೇ? ಆ ಖನಿಜದ ಹೆಸರು ಕ್ಯಾಲ್ಕಾಂಥೈಟ್. ಗ್ರೀಕ್ ಮೂಲದ ಈ ಹೆಸರಿನ ಅರ್ಥ ‘ತಾಮ್ರದ ಹೂ’. ತಾಮ್ರ, ಗಂಧಕಗಳಿರುವ ಅದಿರಿಗೆ ಗಾಳಿ, ನೀರು ತಾಗಿದಾಗ ತಾಮ್ರದ ಸಲ್ಫೇಟ್ ಉಂಟಾಗಿ ನೀರಿನಲ್ಲಿ ಕರಗುತ್ತದೆ. ಆ ನೀರು ಆರಿದಾಗ ಗಣಿಯ ಗೋಡೆಯ ಮೇಲೆ ನೀಲಿ ಹರಳುಗಳು ಮೂಡುತ್ತವೆ. ಚಿತ್ರದುರ್ಗದ ಇಂಗಳದಾಳದಲ್ಲಿ ಹಿಂದೆ ತೆಗೆಯುತ್ತಿದ್ದುದೂ ಇಂಥ ಗಂಧಕಯುಕ್ತ ಅದಿರೇ. ಬಯಲಿನಲ್ಲಿ ಹರಳು ಮೂಡಿದರೂ ಒಂದು ಮಳೆ ಸಾಕು, ಕರಗಿಹೋಗುತ್ತದೆ. ಮಳೆಯೇ ಅಪರೂಪವಾದ ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ ಅದು ಹೇರಳವಾಗಿ ಉಳಿದುಕೊಂಡಿದೆ.

ನೀರಿಗೆ ಸೋಲುವ ಈ ಹರಳಿನ ಬಣ್ಣ ನಿಂತಿರುವುದೂ ನೀರಿನಿಂದಲೇ! 100 ಗ್ರಾಂ ಹರಳಿನಲ್ಲಿ ಸುಮಾರು 36 ಗ್ರಾಂ ನೀರು ಅಡಗಿದೆ. ಪ್ರನಾಳದಲ್ಲಿ ಕಾಯಿಸಿದರೆ ಅದು ಆವಿಯಾಗಿ ಬಿಳಿ ಪುಡಿ ಉಳಿಯುತ್ತದೆ. ತಣಿದ ಮೇಲೆ ಎರಡು ಹನಿ ನೀರು ಹಾಕಿ. ನೀಲಿ ಮರಳಿ ಬರುತ್ತದೆ.

ಪ್ರಯೋಗವನ್ನು ಅಧ್ಯಾಪಕರ ಎದುರಿನಲ್ಲೇ ಮಾಡಿ. ತಂದೆತಾಯಿಯರಿಗೂ ಒಂದು ಮಾತು: ನೋಡಲು ಬಣ್ಣದ ಕಲ್ಲುಸಕ್ಕರೆಯಂತಿದ್ದರೂ ಇದು ವಿಷ. ತೋಟಕ್ಕೆಂದು ತಂದದ್ದು ಅಡುಗೆಮನೆಯ ಡಬ್ಬಿಗಳ ಜೊತೆ ಇರಕೂಡದು.