ಖರೇ ಕಥೆಗೆ ಮಾಲಕರು ಯಾರು?

‘ನೈಜ ಘಟನೆ ಆಧಾರಿತ’ ಎಂದು ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಬರುತ್ತದೆ. ಅದರ ಬೆನ್ನಿಗೇ ಸಣ್ಣ ಅಕ್ಷರದಲ್ಲಿ ಇನ್ನೊಂದು ಬರುತ್ತದೆ: ಇಲ್ಲಿಯ ಪಾತ್ರ, ಸನ್ನಿವೇಶ ಎಲ್ಲವೂ ಕಾಲ್ಪನಿಕ, ಯಾರನ್ನಾದರೂ ಹೋಲಿದರೆ ಅದು ಬರೇ ಆಕಸ್ಮಿಕ. ಎರಡರಲ್ಲಿ ಒಂದು ಸುಳ್ಳಿರಲೇಬೇಕು. ಮೊದಲನೆಯದು ಟಿಕೆಟು ಮಾರಲಿಕ್ಕೆ, ಎರಡನೆಯದು ಕೋರ್ಟಿನಿಂದ ಪಾರಾಗಲಿಕ್ಕೆ ಎಂಬುದು ಭಂಕೂರಿನ ಶಾಲೆ ಹುಡುಗರಿಗೂ ಈಗ ಗೊತ್ತಾಗಿದೆ. ಆದರೂ ನೋಡಿ ಮುಗಿಸಿದ ಮೇಲೆ ಕಟ್ಟೆಯ ಮೇಲೆ ಏಳುವ ಪ್ರಶ್ನೆ ಒಂದೇ: ‘ಇದು ಖರೇನೇ ಹಿಂಗ ಆಗಿತ್ತೇನ್ರೀ?’

ಒಂದು ಕಾಲಕ್ಕೆ ಸಿನೇಮಾ ನೋಡಬೇಕಾದರೆ ಭಂಕೂರಿನವರು ಶಹಾಬಾದಿಗೆ ಹೋಗಬೇಕಿತ್ತು. ಆಟದ ಮೊದಲು ಫಿಲ್ಮ್ಸ್ ಡಿವಿಜನ್ನಿನ ಸಾಕ್ಷ್ಯಚಿತ್ರವನ್ನು ಟಾಕೀಜಿನವರು ತೋರಿಸಲೇಬೇಕು ಎಂಬ ಕಟ್ಟಳೆ. ಅಣೆಕಟ್ಟು, ನೆರೆ, ಮಂತ್ರಿಗಳ ಭಾಷಣ; ಎಲ್ಲವೂ ಖರೇ ಸಂಗತಿಯೇ. ಜನ ಮಾತ್ರ ಅದು ಮುಗಿಯುವ ತನಕ ಹೊರಗೆ ನಿಂತು ಬೀಡಿ ಸೇದುತ್ತಿದ್ದರು. 1948ರಲ್ಲಿ ಹುಟ್ಟಿದ ಆ ಸಂಸ್ಥೆಯನ್ನು 2022ರಲ್ಲಿ ಎನ್‌ಎಫ್‌ಡಿಸಿಯೊಳಗೆ ಸೇರಿಸಿ ಕೈ ತೊಳೆದುಕೊಂಡಾಯಿತು. ಆದರೆ ಯಾವ ಸಾಕ್ಷ್ಯಚಿತ್ರವನ್ನು ಕಂಡು ಮಂದಿ ಎದ್ದು ಹೋಗುತ್ತಿದ್ದರೋ ಅದನ್ನೇ ಈಗ ಮೊಬೈಲಿನಲ್ಲಿ ದುಡ್ಡು ಕೊಟ್ಟು, ನಿದ್ದೆಗೆಟ್ಟು ನೋಡುತ್ತಾರೆ. ವ್ಯತ್ಯಾಸ ಇಷ್ಟೇ: ಅಂದು ಅಣೆಕಟ್ಟು ಇತ್ತು, ಇಂದು ಖೂನಿ ಇದೆ.

ಚಾಳಿ ಹೊಸದಲ್ಲ

ಖರೇ ಘಟನೆಯನ್ನು ಆಟ ಕಟ್ಟಿ ಆಡುವುದು ಬಡಗಣ ಕರ್ನಾಟಕಕ್ಕೆ ಹೊಸದೇನೂ ಅಲ್ಲ. ಪತ್ತಾರ ಮಾಸ್ತರರು ಕಟ್ಟಿದ ‘ಸಂಗ್ಯಾ ಬಾಳ್ಯಾ’ ಸಣ್ಣಾಟ ಬೈಲಹೊಂಗಲದಲ್ಲಿ ನಡೆದ ಖೂನಿಯ ಕಥೆ. 1857ರಲ್ಲಿ ಆಯುಧ ಒಪ್ಪಿಸುವುದಿಲ್ಲ ಎಂದು ತಿರುಗಿ ಬಿದ್ದ ಹಲಗಲಿ ಬೇಡರ ಕಥೆಯನ್ನು ಲಾವಣಿಕಾರರು ಹಾಡಿದ್ದರು. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು ಇಂಗ್ರೇಜಿ ಅಧಿಕಾರಿ ಫ್ಲೀಟ್ ಸಾಹೇಬರು. ಹಲಗಲಿಯವರನ್ನು ಗಲ್ಲಿಗೇರಿಸಿದ ಸರಕಾರದ ಅಧಿಕಾರಿಯೇ ಅವರ ಹಾಡನ್ನು ಉಳಿಸಿದ್ದು ವಿಚಿತ್ರ, ಆದರೆ ನಿಜ.

ಆದರೆ ಗಮನಿಸಬೇಕಾದ ಮಾತೊಂದಿದೆ. ಸಣ್ಣಾಟದಲ್ಲಿ ಗಂಗಿ ಆಡುವ ಮಾತು ಆಟ ಕಟ್ಟಿದವರ ಮಾತು. ಖರೇ ಗಂಗಿ ಏನಂದಿದ್ದಳು ಎಂದು ಕೇಳಿದವರಿಲ್ಲ. ಅವಳ ಹೆಸರು ಮಾತ್ರ ಊರೂರು ತಿರುಗಿತು. ಅವಳಿಗೆ ಕೋರ್ಟು ಗೊತ್ತಿರಲಿಲ್ಲ, ಕೋರ್ಟಿಗೆ ಅವಳೂ ಗೊತ್ತಿರಲಿಲ್ಲ. ಇಂದಿನ ಗಂಗಿಯರಿಗೆ ವಕೀಲರು ಸಿಗುತ್ತಾರೆ. ಜಗಳ ಇರುವುದು ಅಲ್ಲೇ.

ಕಾಡಿನ ಕಥೆ, ಕೋರ್ಟಿನ ಕಥೆ

ಇದಕ್ಕೆ ವೀರಪ್ಪನ್ ಕಥೆಗಿಂತ ಒಳ್ಳೆಯ ಉದಾಹರಣೆ ಕರ್ನಾಟಕದಲ್ಲಿ ಸಿಗುವುದಿಲ್ಲ. ಗೋಪಿನಾಥಂನ ಆ ಮನುಷ್ಯ 2004ರ ಅಕ್ಟೋಬರ 18ರಂದು ತಮಿಳುನಾಡು ವಿಶೇಷ ಪಡೆಯ ಗುಂಡಿಗೆ ಸತ್ತ. ಸತ್ತ ಮೇಲೂ ಅವನನ್ನು ದುಡಿಸಿಕೊಳ್ಳುವುದು ನಿಂತಿಲ್ಲ. 2013ರಲ್ಲಿ ಎ.ಎಂ.ಆರ್. ರಮೇಶ್ ‘ಅಟ್ಟಹಾಸ’ ತಂದರು, ಕಿಶೋರ್ ವೀರಪ್ಪನ್ ಆದರು. 2016ರಲ್ಲಿ ರಾಮಗೋಪಾಲ ವರ್ಮಾ ‘ಕಿಲ್ಲಿಂಗ್ ವೀರಪ್ಪನ್’ ಮಾಡಿದರು. ಅದರಲ್ಲಿ ವೀರಪ್ಪನ್‌ನನ್ನು ಬೇಟೆಯಾಡುವ ಪೋಲೀಸ ಅಧಿಕಾರಿಯಾಗಿ ನಟಿಸಿದವರು ಶಿವರಾಜಕುಮಾರ್. 2000ದಲ್ಲಿ ಗಾಜನೂರಿನಿಂದ ಅಪಹರಣವಾಗಿ 108 ದಿವಸ ಕಾಡಿನಲ್ಲಿದ್ದ ಡಾ. ರಾಜಕುಮಾರರ ಮಗ! ತಂದೆಗಾದ ಸಂಕಟದ ಸೇಡನ್ನು ಮಗ ಪರದೆಯ ಮೇಲೆ ತೀರಿಸಿಕೊಂಡಂತೆ ಜನ ಸೀಟಿ ಹೊಡೆದರು. ಅಲ್ಲಿ ಖರೇ ಎಷ್ಟು, ಸಿನೇಮಾ ಎಷ್ಟು ಎಂದು ಕೇಳುವ ವ್ಯವಧಾನ ಯಾರಿಗಿತ್ತು?

ವೀರಪ್ಪನ್ ಹೆಂಡತಿ ಮುತ್ತುಲಕ್ಷ್ಮಿ ಮಾತ್ರ ಕೇಳಿದರು. ‘ಅಟ್ಟಹಾಸ’ ತನ್ನ ಖಾಸಗಿ ಬದುಕಿಗೆ ಕೈ ಹಾಕಿದೆ ಎಂದು ಸುಪ್ರೀಮ್ ಕೋರ್ಟಿನ ತನಕ ಹೋದರು. ಕೊನೆಗೆ 25 ಲಕ್ಷ ರೂಪಾಯಿ ಪರಿಹಾರದ ಮೇಲೆ ಚಿತ್ರ ಬಿಡುಗಡೆ ಆಯಿತು. ಅದೇ ಮುತ್ತುಲಕ್ಷ್ಮಿ 2023ರಲ್ಲಿ ನೆಟ್‌ಫ್ಲಿಕ್ಸಿನ ‘ದಿ ಹಂಟ್ ಫಾರ್ ವೀರಪ್ಪನ್’ ಎಂಬ ನಾಲ್ಕು ಕಂತಿನ ಸಾಕ್ಷ್ಯಚಿತ್ರದಲ್ಲಿ ಕ್ಯಾಮೆರಾದ ಮುಂದೆ ತಾವೇ ಕೂತು ಮಾತಾಡಿದರು. ಸೆಲ್ವಮಣಿ ಸೆಲ್ವರಾಜ್ ನಿರ್ದೇಶಿಸಿದ ಆ ಚಿತ್ರದಲ್ಲಿ ಬೆನ್ನು ಹತ್ತಿದ ಪೋಲೀಸರೂ ಇದ್ದಾರೆ, ಪೋಲೀಸರಿಂದ ಪೆಟ್ಟು ತಿಂದವರೂ ಇದ್ದಾರೆ.

ಒಬ್ಬಳೇ ಹೆಂಗಸು ಒಂದು ಚಿತ್ರದ ಮೇಲೆ ಕೋರ್ಟಿಗೆ ಹೋದಳು, ಇನ್ನೊಂದರಲ್ಲಿ ಕರೆದರೆ ಬಂದು ಕೂತಳು. ನಾಟಕಕ್ಕೂ ಸಾಕ್ಷ್ಯಚಿತ್ರಕ್ಕೂ ಇರುವ ಭೇದ ತಿಳಿಯಲಿಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ. ನಾಟಕದಲ್ಲಿ ಬೇರೆ ಯಾರೋ ನಿಮ್ಮ ಸೀರೆ ಉಟ್ಟು ನಿಮ್ಮ ಮಾತು ಆಡುತ್ತಾರೆ. ಸಾಕ್ಷ್ಯಚಿತ್ರದಲ್ಲಿ ಮಾತು ನಿಮ್ಮದೇ. ಆದರೆ ಕತ್ತರಿ ಅಲ್ಲೂ ನಿಮ್ಮ ಕೈಯಲ್ಲಿ ಇರುವುದಿಲ್ಲ. ಮೂರು ತಾಸು ಮಾತಾಡಿದ್ದರಲ್ಲಿ ಮೂರು ನಿಮಿಷ ಯಾವುದು ಉಳಿಯಬೇಕು ಎಂಬುದನ್ನು ಮುಂಬಯಿಯಲ್ಲೋ ಮದ್ರಾಸಿನಲ್ಲೋ ಕೂತವರು ತೀರ್ಮಾನ ಮಾಡುತ್ತಾರೆ.

ಇನ್ನು ಕಥೆಯೊಳಗೆ ಬಾರದವರ ಲೆಕ್ಕ ಬೇರೆ. ವೀರಪ್ಪನ್ ಹುಡುಕಾಟದಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿಗರ ಮೇಲೆ ನಡೆದ ದೌರ್ಜನ್ಯದ ಬಗ್ಗೆ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ವಿಚಾರಣೆ ಮಾಡಿತ್ತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಕೊಡಬೇಕೆಂದಿತು. 89 ಮಂದಿಯ ಹಿಂದೆ 89 ಖರೇ ಕಥೆ. ಒಬ್ಬರ ಮೇಲಾದರೂ ಇಷ್ಟು ದೊಡ್ಡ ಪೋಸ್ಟರು ಬಿದ್ದದ್ದು ಉಂಟೇ?

ಕಾನೂನು ಏನೆನ್ನುತ್ತದೆ?

ಈ ತಕರಾರಿಗೆ ದಾರಿ ತೋರಿಸಿದ ತೀರ್ಪು 1994ರದು. ಮದ್ರಾಸಿನ ಆಟೋ ಶಂಕರ್ ಎಂಬ ಕೊಲೆಗಾರ ಜೇಲಿನಲ್ಲಿ ಕೂತು ಆತ್ಮಕಥೆ ಬರೆದಿದ್ದ. ‘ನಕ್ಕೀರನ್’ ಪತ್ರಿಕೆ ಅದನ್ನು ಅಚ್ಚು ಮಾಡಲು ಹೊರಟಾಗ ಅಧಿಕಾರಿಗಳು ತಡೆಯಲು ನೋಡಿದರು. ಸಂಪಾದಕ ಆರ್. ರಾಜಗೋಪಾಲ್ ಸುಪ್ರೀಮ್ ಕೋರ್ಟಿಗೆ ಹೋಗಿ ಗೆದ್ದರು. ಇದೇ ನಕ್ಕೀರನ್ ಗೋಪಾಲ್ ಮುಂದೆ 2000ದಲ್ಲಿ ರಾಜಕುಮಾರರ ಬಿಡುಗಡೆಗೆ ಕಾಡಿಗೆ ಹೋದ ರಾಯಭಾರಿ. ಆ ತೀರ್ಪಿನ ಸಾರ ಇಷ್ಟು: ಕೋರ್ಟಿನ ಕಾಗದದಲ್ಲಿ, ಸರಕಾರಿ ದಾಖಲೆಯಲ್ಲಿ ಇದ್ದದ್ದನ್ನು ಯಾರ ಅಪ್ಪಣೆ ಇಲ್ಲದೆಯೂ ಬರೆಯಬಹುದು. ಅದರಾಚೆ ಒಬ್ಬರ ಮನೆ, ಸಂಸಾರ, ಮಕ್ಕಳ ವಿಷಯಕ್ಕೆ ಕೈ ಹಾಕಬೇಕಾದರೆ ಅವರ ಒಪ್ಪಿಗೆ ಬೇಕು. ಅತ್ಯಾಚಾರಕ್ಕೆ, ಅಪಹರಣಕ್ಕೆ ಒಳಗಾದ ಹೆಣ್ಣುಮಗಳ ಹೆಸರನ್ನು ದಾಖಲೆಯಲ್ಲಿದ್ದರೂ ಬಯಲಿಗಿಡುವ ಹಾಗಿಲ್ಲ. ಅದೇ ವರ್ಷ ಫೂಲನ್ ದೇವಿ ತನ್ನ ಮೇಲಿನ ‘ಬ್ಯಾಂಡಿಟ್ ಕ್ವೀನ್’ ಚಿತ್ರದ ವಿರುದ್ಧ ದಿಲ್ಲಿ ಹೈಕೋರ್ಟಿನ ಮೆಟ್ಟಿಲೇರಿದ್ದು ಈ ಮಾತಿಗಾಗಿಯೇ.

ಸತ್ತವರ ಪಾಡು ಇನ್ನೂ ಕಷ್ಟ. ಜಯಲಲಿತಾ ಚಿತ್ರದ ಮೇಲೆ ಅವರ ಸೋದರ ಸೊಸೆ ಹೂಡಿದ ದಾವೆಯಲ್ಲಿ ಮದ್ರಾಸ್ ಹೈಕೋರ್ಟು, ಖಾಸಗಿತನ ಮನುಷ್ಯನ ಜತೆಗೇ ಮುಗಿಯುತ್ತದೆ, ವಾರಸುದಾರರಿಗೆ ಹೊಲದಂತೆ ಬರುವುದಿಲ್ಲ ಎಂಬ ನಿಲುವು ತಾಳಿತು. ಮುಖ್ಯಮಂತ್ರಿಯಾಗಿದ್ದವರ ಮನೆಯವರಿಗೇ ಹೀಗಾದರೆ ಫರ್ಸಿ ಖಣಿಯಲ್ಲಿ ಸತ್ತವನ ಹೆಂಡತಿ ಯಾರ ಮುಂದೆ ಹೋಗಬೇಕು?

ಈ ಭಾಗದ ಎರಡು ಕಥೆ

2024ರ ಮಾರ್ಚಿನಲ್ಲಿ ಎರಡು ಚಿತ್ರ ಬಂದವು. ಎರಡೂ ಹಳೆಯ ಹೈದರಾಬಾದ ಸೀಮೆಗೆ ಸಂಬಂಧಪಟ್ಟವು. ಒಂದು ಯಾಟಾ ಸತ್ಯನಾರಾಯಣರ ತೆಲುಗು ಚಿತ್ರ ‘ರಜಾಕಾರ್’. ಇನ್ನೊಂದು ಉತ್ಸವ್ ಗೋನವಾರರ ಕನ್ನಡ ಚಿತ್ರ ‘ಫೋಟೋ’.

ರಜಾಕಾರರ ಹಾವಳಿ ಈ ಜಿಲ್ಲೆಯವರಿಗೆ ಯಾರೂ ಬಂದು ಹೇಳಬೇಕಾದ್ದಲ್ಲ. ಬೀದರ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಕಗ್ಗೊಲೆಯನ್ನು ಅಜ್ಜ-ಅಜ್ಜಿಯರ ಬಾಯಿಂದ ಕೇಳಿದವರು ಇನ್ನೂ ಇದ್ದಾರೆ. ಅದು ಖರೇ. ಆದರೆ ಇಂಥ ಕಥೆಗಳ ಗಡಿಯಾರ ಸಾಮಾನ್ಯವಾಗಿ 1948ರ ಸೆಪ್ಟೆಂಬರ 17ಕ್ಕೆ, ನಿಜಾಮ ಶರಣಾದ ದಿವಸಕ್ಕೆ ನಿಂತುಬಿಡುತ್ತದೆ. ಪೋಲೀಸ ಕಾರ್ಯಾಚರಣೆ ಮುಗಿದ ಮೇಲೆ ಏನಾಯಿತು ಎಂದು ನೋಡಲು ದಿಲ್ಲಿ ಸರಕಾರವೇ ಪಂಡಿತ ಸುಂದರಲಾಲ್ ಸಮಿತಿಯನ್ನು ಕಳಿಸಿತ್ತು. ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಎಂದು ಸಮಿತಿ ಅಂದಾಜು ಮಾಡಿತು. ಹೆಚ್ಚಿನವರು ಮುಸಲ್ಮಾನರು. ಅತಿ ಹೆಚ್ಚು ಪೆಟ್ಟು ತಿಂದವೆಂದು ಅದು ಹೆಸರಿಸಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ, ನಾಂದೇಡ, ಬೀದರ ಮತ್ತು ಗುಲಬರ್ಗಾ. ಆ ವರದಿ ದಶಕಗಟ್ಟಲೆ ಜನರ ಕೈಗೆ ಸಿಗಲಿಲ್ಲ. ಅಂದರೆ ಈ ಊರುಗಳಲ್ಲಿ ಒಂದೇ ಓಣಿಯಲ್ಲಿ ಎರಡು ಖರೇ ಕಥೆ ಇವೆ. ಸೆಪ್ಟೆಂಬರಿಗೆ ಮುಂಚಿನದು ಒಂದು ಮನೆಯದು, ನಂತರದ್ದು ಪಕ್ಕದ ಮನೆಯದು. ಒಂದನ್ನೇ ತೋರಿಸಿ ‘ಇದೇ ಇತಿಹಾಸ’ ಎನ್ನುವ ಚಿತ್ರದಲ್ಲಿ ಪ್ರತಿ ದೃಶ್ಯ ನಿಜವಿದ್ದರೂ ಒಟ್ಟು ಚಿತ್ರ ಸುಳ್ಳಾಗಬಹುದು. ಹೀಗೆ ಅರ್ಧ ಹೇಳಿದ ಕಥೆ ಪೂರಾ ಸುಳ್ಳಿಗಿಂತ ಹೆಚ್ಚು ಬೆಂಕಿ ಹಚ್ಚುತ್ತದೆ. ವಾರಕ್ಕೊಮ್ಮೆ ಇಬ್ಬರೂ ಒಂದೇ ಸಂತೆಗೆ ಹೋಗಬೇಕಾದ ಊರಲ್ಲಿ ಇದು ಚೇಷ್ಟೆಯ ಮಾತಲ್ಲ.

‘ಫೋಟೋ’ದ ದಾರಿಯೇ ಬೇರೆ. ರಾಯಚೂರ ಕಡೆಯ ಒಬ್ಬ ಹುಡುಗನಿಗೆ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ. ಬೆಂಗಳೂರಿನಲ್ಲಿ ದುಡಿಯುವ ತಂದೆಯ ಹತ್ತಿರ ಹೋಗುತ್ತಾನೆ. 2020ರ ಮಾರ್ಚ 24ರ ಸಂಜೆ ದೇಶಕ್ಕೆ ಬೀಗ ಬೀಳುತ್ತದೆ. ಮುಂದೆ ನಡಿಗೆ. ಹುಡುಗ, ತಂದೆ, ಅವರ ಆಸೆ ಕಟ್ಟುಕಥೆ ಇರಬಹುದು. ಆದರೆ ನಡಿಗೆ? ಅದನ್ನು ಚಿತ್ತಾಪುರ, ಚಿಂಚೋಳಿ, ಸೇಡಂ ತಾಂಡಾಗಳಿಂದ ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋದವರನ್ನು ಕೇಳಬೇಕು. ದೇಶದ ಮೊದಲ ಕೊರೊನಾ ಸಾವು ದಾಖಲಾದದ್ದೂ ಅದೇ ಮಾರ್ಚಿನಲ್ಲಿ, ಇದೇ ಕಲಬುರಗಿಯಲ್ಲಿ. ವಾಡಿ ಜಂಕ್ಷನ್ನಿನಲ್ಲಿ ಹಗಲು-ರಾತ್ರಿ ರೈಲು ನೋಡಿದವರು ಖಾಲಿ ಹಳಿ ನೋಡಿದ ವರ್ಷ ಅದು.

ಆ ವರ್ಷ ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ ಒಂದು ಪ್ರಶ್ನೆ ಬಂತು: ಊರಿಗೆ ಮರಳುವಾಗ ಎಷ್ಟು ವಲಸೆ ಕಾರ್ಮಿಕರು ಸತ್ತರು? ಅಂಥ ಲೆಕ್ಕ ಇಟ್ಟಿಲ್ಲ ಎಂದು ಕಾರ್ಮಿಕ ಇಲಾಖೆ ಉತ್ತರ ಕೊಟ್ಟಿತು. ದನ ಸತ್ತರೆ ಪಂಚನಾಮೆ ಆಗುವ ದೇಶದಲ್ಲಿ ರಸ್ತೆಯ ಮೇಲೆ ಸತ್ತವರ ಪಟ್ಟಿ ಇಲ್ಲ. ಸರಕಾರಿ ಕಾಗದ ಇಲ್ಲದ ಕಡೆ ಕಟ್ಟುಕಥೆಯೇ ದಾಖಲೆಯ ಕೆಲಸ ಮಾಡಬೇಕಾಗುತ್ತದೆ. ‘ರಜಾಕಾರ್’ ತನ್ನನ್ನು ಇತಿಹಾಸ ಎಂದು ಕರೆದುಕೊಂಡಿತು. ಹಾಗೆ ಕರೆದುಕೊಳ್ಳದ ‘ಫೋಟೋ’ ಇತಿಹಾಸಕ್ಕೆ ಹೆಚ್ಚು ಹತ್ತಿರ ನಿಂತಿತು.

ಮಂಸೋರೆಯವರ ಚಿತ್ರಗಳನ್ನೂ ಇಲ್ಲಿ ನೆನೆಯಬೇಕು. ಬೆಂಗಳೂರಿನ ಆಸ್ಪತ್ರೆಯಲ್ಲಿ ಸತ್ತ ಮಗನ ಹೆಣವನ್ನು ಟ್ರಂಕಿನಲ್ಲಿಟ್ಟು ಉತ್ತರ ಕರ್ನಾಟಕಕ್ಕೆ ಹೊತ್ತು ತಂದ ಬಡ ತಂದೆಯ ಖರೇ ಸಂಗತಿಯ ಮೇಲೆ 2014ರ ‘ಹರಿವು’ ಬಂತು. 2023ರ ‘19.20.21’ ಚಿತ್ರ ವಿಠಲ ಮಲೆಕುಡಿಯ ಪ್ರಕರಣದ ಮೇಲಿನದು. 2012ರಲ್ಲಿ ನಕ್ಸಲ ಎಂದು ಹಿಡಿದು, ಕೈಕೋಳ ಹಾಕಿ ಪರೀಕ್ಷೆಗೆ ಕೂರಿಸಿದ ಆ ವಿದ್ಯಾರ್ಥಿ 2021ರಲ್ಲಿ ನಿರ್ದೋಷಿ ಎಂದು ಬಿಡುಗಡೆ ಆದ. ಎರಡರಲ್ಲೂ ಘಟನೆ ಇದೆ, ಖರೇ ಹೆಸರುಗಳಿಲ್ಲ. ಹೆಸರು ಬದಲಿಸಿದರೆ ಕಥೆಯ ತೂಕ ಕಡಿಮೆ ಆಗುತ್ತದೆ ಎನ್ನುವ ನಿರ್ಮಾಪಕರು ಇವನ್ನು ಒಮ್ಮೆ ನೋಡಲಿ.

ಊರಿನ ಹೆಸರು

ಮನುಷ್ಯರ ಹೆಸರಿಗಾದರೂ ಕೋರ್ಟಿದೆ. ಊರಿನ ಹೆಸರಿಗೆ? ಹೊಸಕೋಟೆ ಹತ್ತಿರದ ದಂಡುಪಾಳ್ಯ ಎಂಬ ಹಳ್ಳಿಯ ಹೆಸರು ಒಂದು ಕೊಲೆಗಡುಕ ಗುಂಪಿಗೆ ಅಂಟಿಕೊಂಡಿತು. 2012ರಲ್ಲಿ ಅದೇ ಹೆಸರಿನ ಚಿತ್ರ ಬಂತು, ದುಡ್ಡು ಮಾಡಿತು, ಅದರ ಮುಂದಿನ ಭಾಗಗಳೂ ಬಂದವು. ಇವತ್ತು ಕಲಬುರಗಿಯಲ್ಲಿ ‘ದಂಡುಪಾಳ್ಯ’ ಎಂದರೆ ಅದೊಂದು ಊರು, ಅಲ್ಲಿ ಹೊಲ ಮನಿ ಮಕ್ಕಳು ಇದ್ದಾರೆ ಎಂದು ಯಾರಿಗೂ ಹೊಳೆಯುವುದಿಲ್ಲ. ಅದು ಬೈಗುಳವಾಗಿದೆ.

ನಾಳೆ ‘ಭಂಕೂರ’ ಎಂಬ ಹೆಸರಿಗೆ ಹೀಗಾದರೆ? ಈ ಊರಿನ, ಶಹಾಬಾದಿನ ಖರೇ ಕಥೆ ಎಂದರೆ ನೆಲದಡಿಯ ಫರ್ಸಿ ಕಲ್ಲು. ಅದನ್ನು ಎಬ್ಬಿಸಿ ಎಬ್ಬಿಸಿ ಬೆನ್ನು ಬಾಗಿದವರು, ಮುಚ್ಚಿದ ಕಾರಖಾನೆಯ ಗೇಟು, ಬಾಕಿಗಾಗಿ ಅಲೆದವರು. ದೇಶದ ಎಷ್ಟೋ ಮನೆ, ಕಚೇರಿ, ರೈಲು ನಿಲ್ದಾಣದ ನೆಲಕ್ಕೆ ಹಾಸಿದ್ದು ಶಹಾಬಾದಿ ಕಲ್ಲು. ಕಲ್ಲಿಗೆ ಹೆಸರಿದೆ, ಕಲ್ಲು ಎಬ್ಬಿಸಿದವನಿಗಿಲ್ಲ. ಇದರ ಮೇಲೆ ಯಾರೂ ನಾಲ್ಕು ಕಂತಿನ ಚಿತ್ರ ಮಾಡಲು ಓಡಿ ಬರುವುದಿಲ್ಲ. ಒಂದು ಖೂನಿ ಆಗಲಿ, ಒಂದು ಹುಡುಗಿ ಓಡಿಹೋಗಲಿ, ಮರುದಿವಸ ಬೆಳಗಾಗುವುದರೊಳಗೆ ಮೈಕು ಹಿಡಿದವರು ಮನೆ ಬಾಗಿಲಿಗೆ ಹಾಜರ್. ಅಳುವ ತಾಯಿಯ ಮುಖಕ್ಕೇ ಮೈಕು, ಹಿಂದಿನಿಂದ ಸಂಗೀತ. ಸಂಜೆಗೆ ‘ಖರೇ ಕಥೆ’ ಸಿದ್ಧ.

ದೊಡ್ಡ ಕಂಪನಿಯವರು ಬಂದರೆ ಕ್ಯಾಮೆರಾದ ಜತೆ ಒಂದು ಕಾಗದವನ್ನೂ ತರುತ್ತಾರೆ. ಇಂಗ್ಲೀಷಿನಲ್ಲಿರುತ್ತದೆ. ‘ಇಲ್ಲಿ ಒಂದು ಸಹಿ ಮಾಡ್ರಿ ಕಾಕಾ, ಏನೂ ಇಲ್ಲ, ಬರೇ ಫಾರ್ಮಾಲಿಟಿ’ ಎನ್ನುತ್ತಾರೆ. ಬರೇ ಫಾರ್ಮಾಲಿಟಿ ಅಲ್ಲ. ಮಾತನ್ನು, ಮುಖವನ್ನು ಎಲ್ಲಿ ಬೇಕಾದರೂ, ಎಷ್ಟು ಸಲ ಬೇಕಾದರೂ, ಹೇಗೆ ಕತ್ತರಿಸಿಯಾದರೂ ಬಳಸಲು ಕೊಡುವ ಒಪ್ಪಿಗೆ ಅದರಲ್ಲಿ ಇರಬಹುದು. ಹೊಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ನಾಲ್ಕು ಮಂದಿಯನ್ನು ಕೇಳುವ ಜನ ಇದಕ್ಕೂ ಕೇಳಬೇಕು: ಕನ್ನಡದಲ್ಲಿ ಬರೆದು ಕೊಡ್ರಿ, ಒಂದು ಪ್ರತಿ ನಮ್ಮ ಹತ್ತಿರ ಇರಲಿ, ಹೆಸರು ಬದಲಿಸ್ತೀರೋ ಇಲ್ಲೋ ಈಗಲೇ ಹೇಳ್ರಿ, ಹೆಣ್ಣುಮಕ್ಕಳ ಫೋಟೋ ಹಾಕಬ್ಯಾಡ್ರಿ. ಗ್ರಾಮ ಪಂಚಾಯತಿಯಲ್ಲಿ ಓದು ಬಲ್ಲ ಹುಡುಗರಿದ್ದಾರೆ, ಶಹಾಬಾದಿನಲ್ಲಿ ವಕೀಲರಿದ್ದಾರೆ. ಕಾಗದವನ್ನು ಮೊದಲು ಅವರಿಗೆ ತೋರಿಸಿ, ಒಂದು ದಿವಸ ತಡೆದು ಸಹಿ ಮಾಡಿದರೆ ಕ್ಯಾಮೆರಾದವರು ಓಡಿಹೋಗುವುದಿಲ್ಲ. ಓಡಿಹೋದರೆ ಅವರು ಯಾತಕ್ಕೆ ಬಂದಿದ್ದರು ಎಂಬುದು ಅಲ್ಲಿಗೇ ತಿಳಿಯುತ್ತದೆ.