ಯೂರಿಯಾ: ಹೆಸರಿಗೆ ಅಂಜಬೇಡಿ, ಹೆಸರಿಗೆ ಮರುಳಾಗಬೇಡಿ

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಭೂಮಿ ಇರಲಿ, ಕಲಘಟಗಿಯ ಭತ್ತದ ಗದ್ದೆ ಇರಲಿ, ಮಳೆಗಾಲ ಬಂತೆಂದರೆ ಯೂರಿಯಾ ಚೀಲ ಪಡಸಾಲೆಯ ಮೂಲೆ ಸೇರುತ್ತದೆ. ಈ ಬಿಳಿ ಹರಳಿನ ಬಗ್ಗೆ ನಮ್ಮಲ್ಲಿ ಎರಡು ಭಾವನೆಗಳಿವೆ. ಬೆಳೆಗೆ ಎಷ್ಟು ಹಾಕಿದರೂ ಒಳ್ಳೆಯದು ಎಂಬುದು ಒಂದು. ಹಾಲಿಗೆ ಬೆರೆಸುವ ಸುದ್ದಿ ಓದಿದ ಮೇಲೆ, ಯೂರಿಯಾ ಎಂದರೆ ವಿಷವೇ ಎಂಬುದು ಇನ್ನೊಂದು. ಎರಡೂ ಪೂರ್ತಿ ನಿಜವಲ್ಲ.

ಯೂರಿಯಾ ನಿಮ್ಮ ದೇಹದಲ್ಲಿಯೂ ಇದೆ. ಉಂಡ ಬೇಳೆಕಾಳು, ಹಾಲು, ಮೊಟ್ಟೆಗಳ ಪ್ರೋಟೀನು ಕರಗಿದಾಗ ಹುಟ್ಟುವ ಅಮೋನಿಯಾವನ್ನು ಯಕೃತ್ತು ಯೂರಿಯಾ ಆಗಿ ಬದಲಿಸುತ್ತದೆ. ಮೂತ್ರಪಿಂಡಗಳು ಅದನ್ನು ಹೊರಹಾಕುತ್ತವೆ. ವೈದ್ಯರು 'ಬ್ಲಡ್ ಯೂರಿಯಾ' ಪರೀಕ್ಷೆ ಮಾಡಿಸುವುದು ಇದಕ್ಕಾಗಿಯೇ. ಹಿಮ್ಮಡಿ ಒಡೆದವರಿಗೆ ಚರ್ಮರೋಗ ತಜ್ಞರು ಬರೆದುಕೊಡುವ ಕೆಲವು ಮುಲಾಮುಗಳಲ್ಲಿಯೂ ಯೂರಿಯಾ ಇರುತ್ತದೆ.

ಪ್ರಯೋಗಾಲಯದಲ್ಲಿ ಇದಕ್ಕೆ ಮತ್ತೊಂದು ಕೆಲಸವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ.ಸಿ. ಪಾಟೀಲ ಮತ್ತು ಜೆ.ಜೆ. ಕಿಂಗ್ಸ್‌ಲಿ ಅವರು ಲೋಹದ ನೈಟ್ರೇಟಿನ ಜೊತೆ ಯೂರಿಯಾವನ್ನು ಕಾಯಿಸಿ, ಅದರ ಉರಿಯಲ್ಲಿಯೇ ಅಲ್ಯುಮಿನಾ ಪುಡಿ ತಯಾರಿಸುವ ವಿಧಾನವನ್ನು 1988ರಲ್ಲಿ ಪ್ರಕಟಿಸಿದರು. ಇದೇ ದಾರಿಯಲ್ಲಿ ಮುಂದೆ ಸೀರಿಯಂ ಆಕ್ಸೈಡಿನ ಅತಿ ಸೂಕ್ಷ್ಮ ಕಣಗಳನ್ನೂ ಮಾಡಲಾಯಿತು. ಇಲ್ಲಿ ಯೂರಿಯಾ ಉರುವಲು. ಅದು ಉರಿದು ಗಾಳಿಯಾಗಿ ಹೋಗುತ್ತದೆ. ಹೊರಬೀಳುವ ಅನಿಲಗಳೇ ಪುಡಿಯನ್ನು ಸೂಕ್ಷ್ಮವಾಗಿ ಒಡೆಯುತ್ತವೆ.

ಇನ್ನೊಂದು ವಿಧಾನದಲ್ಲಿ ಉರಿಯಿಲ್ಲ. ಸೀರಿಯಂ ಲವಣ ಕರಗಿದ ನೀರಿಗೆ ಯೂರಿಯಾ ಹಾಕಿ ಕಾಯಿಸಿದರೆ ಅದು ನಿಧಾನವಾಗಿ ಒಡೆದು ಅಮೋನಿಯಾ ಕೊಡುತ್ತದೆ. ಝುಣಕ ಮಾಡುವಾಗ ಹಿಟ್ಟನ್ನು ಒಮ್ಮೆಲೇ ಸುರಿದರೆ ಗಂಟು, ಸ್ವಲ್ಪಸ್ವಲ್ಪವಾಗಿ ಉದುರಿಸಿದರೆ ಹದ. ಇದೂ ಹಾಗೆಯೇ. ಅಮೋನಿಯಾ ಎಲ್ಲೆಡೆ ಸಮನಾಗಿ, ಮೆಲ್ಲಗೆ ಹುಟ್ಟುವುದರಿಂದ ಕಣಗಳು ಒಂದೇ ಗಾತ್ರಕ್ಕೆ ಹತ್ತಿರವಾಗಿ ತಳಕ್ಕಿಳಿಯುತ್ತವೆ. ಅವನ್ನು ಸುಟ್ಟರೆ ಸೀರಿಯಂ ಆಕ್ಸೈಡ್.

ಈ ಕಣಗಳಿಗೇಕೆ ಇಷ್ಟು ಮಹತ್ವ? ವಾಹನದ ಹೊಗೆಯಲ್ಲಿನ ವಿಷಾನಿಲ ತಗ್ಗಿಸುವ ಸಾಧನದಲ್ಲಿ ಸೀರಿಯಂ ಆಕ್ಸೈಡ್ ಬಳಕೆಯಲ್ಲಿದೆ. ಜೀವಕೋಶಗಳಿಗೆ ಹಾನಿ ಮಾಡುವ ಆಮ್ಲಜನಕದ ಉಗ್ರ ರೂಪಗಳನ್ನು ಇದರ ನ್ಯಾನೊ ಕಣಗಳು ತಣಿಸಬಲ್ಲವು ಎಂಬುದು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಈ ಕೆಲಸ ಬಹುಮಟ್ಟಿಗೆ ಜೀವಕೋಶ ಮತ್ತು ಪ್ರಾಣಿಗಳ ಮೇಲೆ ನಡೆದದ್ದು. ಇದೇ ಕಣಗಳನ್ನು ಉಸಿರಿನ ಮೂಲಕ ಒಳಗೆ ಕಳಿಸಿದಾಗ ಇಲಿಗಳ ಶ್ವಾಸಕೋಶದಲ್ಲಿ ಉರಿಯೂತ ಕಂಡದ್ದೂ ಉಂಟು. ಆದ್ದರಿಂದ 'ನ್ಯಾನೊ' ಎಂಬ ಚೀಟಿ ಅಂಟಿಸಿದ ಶಕ್ತಿವರ್ಧಕವನ್ನು ಸಂತೆಯಲ್ಲಿ ಯಾರಾದರೂ ಮಾರಿದರೆ, ವೈದ್ಯರನ್ನು ಕೇಳದೆ ಕೊಳ್ಳಬೇಡಿ. 2021ರಿಂದ ಮಾರಾಟಕ್ಕೆ ಬಂದ ನ್ಯಾನೊ ಯೂರಿಯಾ ಬಾಟಲಿಯೂ ಬೆಳೆಗೆ ಸಿಂಪಡಿಸುವ ಗೊಬ್ಬರವೇ. ಔಷಧಿಯ ಬಾಟಲಿಗಳ ಸಾಲಿನಲ್ಲಿ ಅದನ್ನು ಇಡಬಾರದು.

ನನ್ನ ಮಾತಿಷ್ಟೆ: ಯೂರಿಯಾದ ಗುಣ ಇರುವುದು ಹೆಸರಿನಲ್ಲಲ್ಲ, ಅದು ಎಲ್ಲಿ, ಎಷ್ಟು, ಎಷ್ಟು ಬೇಗ ಒಡೆಯುತ್ತದೆ ಎಂಬುದರಲ್ಲಿ. ಹೊಲದ ಮಣ್ಣಿನಲ್ಲಿ ಒಡೆದರೆ ಬೆಳೆಗೆ ಆಹಾರ. ಎತ್ತು, ಎಮ್ಮೆ ಯೂರಿಯಾ ಕರಗಿಸಿದ ನೀರು ಕುಡಿದರೆ ಅದೇ ಅಮೋನಿಯಾ ಹೊಟ್ಟೆಯಲ್ಲಿ ಒಮ್ಮೆಲೇ ಹುಟ್ಟಿ ರಕ್ತ ಸೇರುತ್ತದೆ. ನಡುಕ, ಹೊಟ್ಟೆ ಉಬ್ಬರ, ಏದುಸಿರು ಕಾಣಿಸಿಕೊಂಡು ಕೆಲವೇ ತಾಸುಗಳಲ್ಲಿ ದನ ಸಾಯಬಹುದು. ಕೂಡಲೇ ಪಶುವೈದ್ಯರನ್ನು ಕರೆಸಬೇಕು. ನಾಳೆ ನೋಡೋಣ ಎಂದರೆ ದನ ಉಳಿಯಲಿಕ್ಕಿಲ್ಲ.

ಹಾಲಿನ ಮಾತೂ ಅಷ್ಟೆ. ಹಾಲಿನಲ್ಲಿ ಸಹಜವಾಗಿಯೇ ಸ್ವಲ್ಪ ಯೂರಿಯಾ ಇರುತ್ತದೆ. ಆಹಾರ ಸುರಕ್ಷತಾ ನಿಯಮದ ಮಿತಿ 100 ಮಿಲಿಲೀಟರಿಗೆ 70 ಮಿಲಿಗ್ರಾಂ. ಬೆರೆಸುವುದು ಮಾತ್ರ ಮೋಸ, ಅಪರಾಧ.

ಮನೆಯಲ್ಲಿ ಮಾಡಬೇಕಾದದ್ದು ಕಷ್ಟದ್ದೇನಲ್ಲ. ಯೂರಿಯಾ ಚೀಲ ಅಡುಗೆಮನೆ, ದನದ ಕೊಟ್ಟಿಗೆ ಎರಡರಿಂದಲೂ ದೂರವಿರಲಿ. ಉಪ್ಪು, ಸಕ್ಕರೆಯ ಡಬ್ಬಿಯಲ್ಲಿ ಅದನ್ನು ಎಂದೂ ತುಂಬಬೇಡಿ. ನೋಡಲು ಮೂರೂ ಬಿಳಿಯೇ. ಗೊಬ್ಬರದ ನೀರು ಕಲೆಸಿದ ಬಕೆಟನ್ನು ತೊಳೆದು, ಆ ನೀರನ್ನು ದನಗಳ ಬಾಯಿಗೆ ಸಿಗದಂತೆ ಚೆಲ್ಲಿ. ಒಡೆದ ಹಿಮ್ಮಡಿಗೆ ಚೀಲದ ಯೂರಿಯಾ ತಿಕ್ಕಬೇಡಿ. ಮುಲಾಮು ಅಗ್ಗದಲ್ಲೇ ಸಿಗುತ್ತದೆ.

ಬೆಂಗಳೂರಿನ ಪ್ರಯೋಗಾಲಯದಲ್ಲಿ ಯೂರಿಯಾವನ್ನು ತೂಗಿ, ಅಳೆದು, ಎಚ್ಚರದಿಂದ ಬಳಸುತ್ತಾರೆ. ನಮ್ಮ ಪಡಸಾಲೆಯಲ್ಲಿಯೂ ಅಷ್ಟೇ ಎಚ್ಚರ ಇರಲಿ.