ಮಳೆಯ ಸರದಿ ತಪ್ಪಿದ ಮೇಲೆ ಊರಿನ ಕರ್ತವ್ಯ

ಮೃಗಶಿರೆ, ಆರಿದ್ರೆಗಳ ಹದ ನೋಡಿ ಮುಂಗಾರಿ ಬಿತ್ತುವುದು, ಉತ್ತರೆ ಹಸ್ತಗಳಲ್ಲಿ ಬಿಳಿಜೋಳಕ್ಕೆ ಕೂರಿಗೆ ಹೂಡುವುದು, ಪುಷ್ಯಮಾಸದ ಹೊತ್ತಿಗೆ ತೊಗರಿಯ ರಾಶಿ ಮಾಡುವುದು, ಇವು ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳಲ್ಲಿ ತಲೆಮಾರುಗಳಿಂದ ನಡೆದು ಬಂದ ಕ್ರಮವು. ಈ ಸೀಮೆಯ ವಾರ್ಷಿಕ ಮಳೆಯು ಸುಮಾರು 30 ಅಂಗುಲವು. ಅದು ಹದವರಿತು ಬಂದರೆ ಒಣ ಬೇಸಾಯಕ್ಕೆ ಸಾಲದೆನ್ನುವಂತಿಲ್ಲ. ಆದರೆ ಈಚಿನ ವರ್ಷಗಳಲ್ಲಿ ಮಳೆಯ ಮೊತ್ತಕ್ಕಿಂತಲೂ ಅದರ ಸರದಿಯೇ ಹೆಚ್ಚಾಗಿ ಕೆಟ್ಟಿರುವುದು. ಬರಬೇಕಾದ ನಕ್ಷತ್ರಗಳು ಒಣಗಿ ಹೋಗುತ್ತವೆ. ಬಾರದಿದ್ದರೂ ನಡೆಯುತ್ತಿದ್ದ ದಿನಗಳಲ್ಲಿ ತಿಂಗಳ ಮಳೆಯು ಎರಡು ದಿನಗಳಲ್ಲಿ ಸುರಿದುಬಿಡುತ್ತದೆ.

ಇದಕ್ಕೆ ದೃಷ್ಟಾಂತಗಳನ್ನು ದೂರದಲ್ಲಿ ಹುಡುಕಬೇಕಾದುದಿಲ್ಲ. 2020ನೆಯ ಅಕ್ಟೋಬರಿನಲ್ಲಿ, ಚಿತ್ತೆಯ ಮಳೆಯ ಕಾಲಕ್ಕೆ, ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ವಾಯುಭಾರ ಕುಸಿತವು ಆಂಧ್ರದ ಕರಾವಳಿಯನ್ನು ದಾಟಿ ಈ ಸೀಮೆಯ ಮೇಲೆಯೇ ಹಾದುಹೋಯಿತು. ಭೀಮೆಯು ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದೀತೀರದ ಗ್ರಾಮಗಳು ಜಲಾವೃತವಾದವು. 2022ರಲ್ಲಿ ನೆಟೆರೋಗವು ಹಬ್ಬಿ, ನಿಂತ ತೊಗರಿಯು ಕಾಯಿ ಬಲಿಯುವ ಮೊದಲೇ ಒಣಗಿತು; ಸರ್ಕಾರವು ವಿಶೇಷ ಪರಿಹಾರವನ್ನು ಸಾರಬೇಕಾಯಿತು. ಮರುವರ್ಷವೇ, ಎಂದರೆ 2023ರ ಆಗಸ್ಟಿನಲ್ಲಿ, ಆಶ್ಲೇಷೆಯೂ ಮಘೆಯೂ ಕೈಕೊಟ್ಟವು. 1901ರಿಂದ ಲೆಕ್ಕವಿಟ್ಟಿರುವ ಆಗಸ್ಟ್ ತಿಂಗಳುಗಳಲ್ಲಿ ಭಾರತದೇಶಕ್ಕೆ ಅಷ್ಟು ಕಡಿಮೆ ಮಳೆಯಾದ ತಿಂಗಳು ಅದಕ್ಕೆ ಮುಂಚೆ ಇರಲಿಲ್ಲ. ಆ ವರ್ಷ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿಸಲ್ಪಟ್ಟವು.

ಇದು ಗ್ರಹಗತಿಯ ಫಲವೆಂದು ಕೈಕಟ್ಟಿ ಕುಳಿತುಕೊಳ್ಳುವುದು ತರವಲ್ಲ. ಕಲ್ಲಿದ್ದಲು, ಎಣ್ಣೆಗಳ ಹೊಗೆಯಿಂದ ಭೂಮಂಡಲದ ಉಷ್ಣತೆಯು ಕಳೆದ ಶತಮಾನದ ಮೊದಲಿಗಿಂತ 1 ಡಿಗ್ರಿಗೂ ಹೆಚ್ಚಾಗಿ ಏರಿದೆ. ಉಷ್ಣತೆಯು 1 ಡಿಗ್ರಿ ಏರಿದರೆ ಗಾಳಿಯು ಹಿಡಿಯಬಲ್ಲ ನೀರಾವಿಯು ನೂರಕ್ಕೆ ಸುಮಾರು 7 ಪಾಲು ಹೆಚ್ಚುವುದು. ಆದುದರಿಂದಲೇ ಬಿಸಿಲ ದಿನಗಳಲ್ಲಿ ನೆಲದ ತೇವವು ಬೇಗ ಆರುತ್ತದೆ, ಸುರಿದಾಗ ಮಳೆಯು ಬಿರುಸಾಗಿ ಸುರಿಯುತ್ತದೆ. ಬರವೂ ನೆರೆಯೂ ಒಂದೇ ಕಾರಣದ ಎರಡು ಮುಖಗಳು.

ಪರ್ವತ ಪ್ರಾಂತಗಳ ಒಕ್ಕಲಿಗರಿಗೂ ಈ ಸಂಕಟವು ತಪ್ಪಿಲ್ಲ. ಹಿಮಾಚಲದ ಕುಲ್ಲು ಕಣಿವೆಯ ತಗ್ಗಿನಲ್ಲಿ ಸೇಬಿಗೆ ಬೇಕಾದ ಚಳಿಯು ಸಾಲದೆ, ಆ ಬೆಳೆಯು ಇನ್ನೂ ಎತ್ತರದ ನೆಲಗಳಿಗೆ ಏರಿದೆ. ಕೆಳಗಿನವರು ದಾಳಿಂಬೆ ಮುಂತಾದವುಗಳನ್ನು ಹಿಡಿದಿದ್ದಾರೆ. ಆಳಂದದ ಕಡೆಯ ಎತ್ತರದ ಬಯಲಿನಲ್ಲಿರುವ ಮಟಕಿಯಂತಹ ಗ್ರಾಮಗಳ ರೈತರಿಗೆ ಹೀಗೆ ಏರಿಹೋಗಲು ಬೇರೆ ಬೆಟ್ಟವಿಲ್ಲ. ಬೆಳೆಯು ಇದೇ ಹೊಲದಲ್ಲಿ ಬರಬೇಕು, ಇಲ್ಲವಾದರೆ ಮನೆಯ ಮಂದಿ ಸೋಲಾಪುರ, ಪುಣೆ, ಮುಂಬಯಿಗಳಿಗೆ ಕೂಲಿಗೆ ಹೋಗಬೇಕು. ನೆಲವನ್ನು ಬದಲಿಸಲಾಗದವರು ನೆಲದ ಮೇಲೆ ಹರಿಯುವ ನೀರಿನ ದಾರಿಯನ್ನಾದರೂ ಬದಲಿಸಬೇಕಾಗುವುದು.

ಈ ಸೀಮೆಯಲ್ಲಿ ಏರಿನ ಮೇಲೆ ತೆಳುವಾದ ಗರಸು ಮಡ್ಡಿಯೂ, ತಗ್ಗಿನಲ್ಲಿ ಆಳವಾದ ಎರೆಯೂ ಇರುವುದು ಸಾಮಾನ್ಯ. ಬಿರುಮಳೆಯು ಮಡ್ಡಿಯ ಮೇಲ್ಮಣ್ಣನ್ನು ಕೊಚ್ಚಿಕೊಂಡು ಎರೆಗೆ ಇಳಿಯುತ್ತದೆ. ಎರೆಯಲ್ಲಿ ನೀರು ನಿಂತರೆ ತೊಗರಿಯ ಬೇರಿಗೆ ಗಾಳಿಯಾಡದೆ ಫೈಟಾಫ್ತೊರಾ ಎಂಬ ಅಂಗಮಾರಿಯು ತಗಲುತ್ತದೆ. ಮುಂದೆ ತೇವವಾರಿ ನೆಲವು ಬಿರಿದಾಗ ಒಣ ಬೇರುಕೊಳೆಯು ಅಂಟುತ್ತದೆ. ಮೇಲಿನವನಿಗೆ ಮಣ್ಣಿನ ನಷ್ಟ, ಕೆಳಗಿನವನಿಗೆ ಪೈರಿನ ನಷ್ಟ. 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಕಲಬುರಗಿಯ ತೊಗರಿಬೇಳೆಯ ಕೀರ್ತಿಯು ಈ ಬೇರುಗಳ ಕ್ಷೇಮವನ್ನೇ ಆಶ್ರಯಿಸಿರುವುದು.

ಒಬ್ಬೊಬ್ಬ ರೈತನು ತನ್ನ ಹೊಲದಲ್ಲಿ ಮಾಡಬಹುದಾದ ಕೆಲಸಗಳು ಉಂಟು. ಸೊರಗುರೋಗವನ್ನು ತಡೆಯುವ ಟಿಎಸ್-3ಆರ್‌ನಂತಹ ತಳಿಯನ್ನು ಆರಿಸಬಹುದು. ಬೀಜವನ್ನು ಟ್ರೈಕೋಡರ್ಮಾದಿಂದ ಉಪಚರಿಸಬಹುದು. ಹೆಸರು, ಉದ್ದುಗಳನ್ನು ಅಕ್ಕಡಿ ಹಾಕಿ, ತೊಗರಿ ಕೆಟ್ಟರೂ ಒಂದು ಫಸಲು ಮನೆಗೆ ಬರುವಂತೆ ನೋಡಿಕೊಳ್ಳಬಹುದು. ಇಳಿಜಾರಿಗೆ ಅಡ್ಡಲಾಗಿ ಬಿತ್ತಬಹುದು. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯವರು ಎರೆ ಭೂಮಿಗೆಂದು ರೂಢಿಗೆ ತಂದ ಅಗಲ ಮಡಿ ಮತ್ತು ಸಾಲಿನ ಪದ್ಧತಿಯಲ್ಲಿ ಹೆಚ್ಚಿನ ನೀರು ಸಾಲಿನಿಂದ ಹರಿದುಹೋಗಿ, ಬೆಳೆಯು ಮಡಿಯ ಮೇಲೆ ಉಳಿಯುವುದು. ಆದರೆ ಸಾಲಿನಿಂದ ಹೊರಬಿದ್ದ ನೀರು ಎಲ್ಲಿಗೆ ಹೋಗಬೇಕು? ಅದು ಪಕ್ಕದವನ ಹೊಲಕ್ಕೆ ಹೋದರೆ ಒಬ್ಬನ ಜಾಣತನವು ಇನ್ನೊಬ್ಬನ ಹಾನಿಯಾಗುವುದು. ನೀರಿಗೆ ಸರ್ವೆ ನಂಬರಿನ ಗಡಿಯು ತಿಳಿಯದು. ಆದುದರಿಂದ ಈ ಕಾರ್ಯದ ಮುಖ್ಯಭಾಗವು ಒಬ್ಬ ರೈತನದಲ್ಲ, ಊರಿನದು.

ಇಲ್ಲಿಯೇ ತೊಡಕು ಹುಟ್ಟುವುದು. ನೀರುಗಾಲುವೆಗೆ ಎರಡು ಮೊಳ ನೆಲ ಬಿಡೆಂದರೆ, ಕೆಳಗಿನವನ ಹಿತಕ್ಕಾಗಿ ತನ್ನ ನೆಲವನ್ನೇಕೆ ಬಿಡಬೇಕೆಂದು ಮೇಲಿನವನು ಕೇಳುತ್ತಾನೆ. ಈ ಆಕ್ಷೇಪಣೆಯು ನ್ಯಾಯವಿಲ್ಲದ್ದಲ್ಲ. ನೆಲ ಬಿಟ್ಟವನ ಖರ್ಚಿನಲ್ಲಿ ಕೆಳಗಿನವರು ಪಾಲುಗೊಳ್ಳಲೇಬೇಕು. ಆದರೆ ಎರಡು ಮೊಳ ನೆಲವನ್ನು ಬಿಡದವನು ವರ್ಷವರ್ಷವೂ ಇಡೀ ಹೊಲದ ಮೇಲ್ಮಣ್ಣನ್ನು ಬಿಡುತ್ತಿದ್ದಾನೆಂಬುದನ್ನೂ ಅವನು ಎಣಿಸಬೇಕು. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ವರ್ಷದ ಮಾತಿನ ಮೇಲೆ ಪರರ ಹೊಲವನ್ನು ಮಾಡುವವನು, ಹತ್ತು ವರ್ಷಕ್ಕೆ ಫಲ ಕೊಡುವ ಒಡ್ಡನ್ನು ಹಾಕಲಾರನು. ಪಟ್ಟಣದಲ್ಲಿ ಕುಳಿತ ಒಡೆಯನು ಒಡ್ಡು ಒಡೆದುದನ್ನೇ ಕಾಣನು. ಬಿತ್ತಿದ ಬೀಜದ ನಷ್ಟವೆಲ್ಲವೂ ಉಳುವವನ ಮೇಲೆ ಬೀಳುವುದು. ಒಡ್ಡು, ಕಾಲುವೆ, ಕೃಷಿಹೊಂಡ ಇವು ಭೂಮಿಗೆ ಸೇರಿದ ಸ್ಥಿರವಾದ ಕೆಲಸಗಳಾದುದರಿಂದ ಇವುಗಳ ಭಾರವನ್ನು ಭೂಮಾಲಿಕನೇ ಹೊರತಕ್ಕದ್ದು ಧರ್ಮವು.

ಗ್ರಾಮದ ಮುಖ್ಯಸ್ಥರು ಮುಂದಿನ ಮೃಗಶಿರೆಗೆ ಮೊದಲೇ ಈ ವಿಷಯವನ್ನು ಸಭೆಯಲ್ಲಿಡುವುದು ಉಚಿತ. ಮೊದಲ ದೊಡ್ಡ ಮಳೆಯ ದಿನ ಮೇಲಿನ ಮಡ್ಡಿಯಿಂದ ಹಳ್ಳದವರೆಗೆ ಹೊಲದವರೊಡನೆ ನಡೆದು ನೋಡಿದರೆ, ನೀರು ತನ್ನ ದಾರಿಯನ್ನು ತಾನೇ ತೋರಿಸುವುದು. ಆ ದಾರಿಯನ್ನು ನಕ್ಷೆಯಲ್ಲಿ ಗುರುತಿಸಿ, ಯಾರು ಎಷ್ಟು ನೆಲ ಬಿಡಬೇಕು, ಯಾರು ಎಷ್ಟು ಖರ್ಚು ಕೊಡಬೇಕು ಎಂಬುದನ್ನು ಬರೆಹದಲ್ಲಿ ಇಡತಕ್ಕದ್ದು. ಹೊಂಡಗಳನ್ನು ನೀರು ಬರುವ ಜಾಗದಲ್ಲಿ ತೋಡಬೇಕೇ ಹೊರತು ಬೇಡದ ಮೂಲೆಯಲ್ಲಲ್ಲ. ಮಘೆ ಒಣಗಿದ ವರ್ಷ ತೊಗರಿಗೆ ಒಂದು ಸಲ ನೀರು ಕೊಡಲು ಸಾಧ್ಯವಾದರೆ ಆ ಹೊಂಡವು ಸಾರ್ಥಕವಾಯಿತು. ವಿಮೆ ಮಾಡಿಸಿದ ಹೊಲಕ್ಕೆ ನೀರು ನುಗ್ಗಿದರೆ 72 ಗಂಟೆಗಳೊಳಗಾಗಿ ತಿಳಿಸಬೇಕೆಂಬ ನಿಯಮವನ್ನೂ ಬಡ ರೈತರಿಗೆ ತಿಳಿಯಪಡಿಸುವುದು ಮುಖ್ಯಸ್ಥರ ಕೆಲಸವೇ.

ಆಳಂದದ ಕಡೆಯಿಂದ ಹರಿಯುವ ಅಮರ್ಜೆಯು ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆಯು ಮುಂದೆ ಜೇವರ್ಗಿಯ ಸೀಮೆಯನ್ನು ಸೋಂಕಿ ಹರಿಯುತ್ತದೆ. ಮೇಲಿನ ಊರು ಹಿಡಿದಿಟ್ಟ ನೀರು ಮೇಲಿನವರಿಗೆ ಬೆಳೆಯಾಗುವುದು, ಕೆಳಗಿನವರಿಗೆ ನೆರೆಯಾಗದೆ ಉಳಿಯುವುದು. ಮಳೆಯನ್ನು ಹಿಂದಿನ ಸರದಿಗೆ ತರುವುದು ಯಾವ ಗೌಡನ ಕೈಯಲ್ಲಿಯೂ ಇಲ್ಲ. ಬಿದ್ದ ಮಳೆಯು ಯಾವ ದಾರಿಯಿಂದ ಊರು ಬಿಟ್ಟು ಹೋಗಬೇಕೆಂಬುದು ಮಾತ್ರ ಇನ್ನೂ ಊರಿನವರ ಕೈಯಲ್ಲಿಯೇ ಇರುವುದು.